ಮೊದಲು ನೋಡುವುದು, ಪೆನ್ ಆಮೇಲೆ

ಲೈವ್ ಕ್ಯಾರಿಕೇಚರ್, ಅಂದರೆ ಎದುರು ಕೂತವರ ಮುಖವನ್ನು ಅಲ್ಲೇ ತಮಾಷೆಯಾಗಿ ಉಬ್ಬಿಸಿ ಬರೆದುಕೊಡುವ ಕೆಲಸ, ಮಾಡುವ ಗೆಳೆಯರೆಲ್ಲ ‘ಇದು ನಡೆಯಲ್ಲ ಮಾರಾಯಾ’ ಅಂದಿದ್ದರು. ಆರತಕ್ಷತೆಯಲ್ಲಿ ಗಂಟೆಗೆ 15-20 ಮುಖ ಮುಗಿಸಬೇಕು, ಅಂಥದ್ದರಲ್ಲಿ ಎದುರು ಕೂತವರನ್ನು ನಾಲ್ಕೈದು ನಿಮಿಷ ಸುಮ್ನೆ ನೋಡಿ, ಆಮೇಲೆ ಎರಡು ನಿಮಿಷದಲ್ಲಿ ನೆನಪಿನಿಂದ ಬರೆಯುತ್ತೇನೆ ಅಂದರೆ ಯಾರು ನಂಬುತ್ತಾರೆ? ಎರಡು ವರ್ಷದಿಂದ ಹಾಗೇ ಬರೆಯುತ್ತಿದ್ದೇನೆ. ಮನೆ ಬಾಡಿಗೆಯೂ ಅದರಲ್ಲೇ ಹೋಗುತ್ತಿದೆ.

ಕುರ್ಚಿಯಲ್ಲಿ ಕೂತ ತಕ್ಷಣ ಎಲ್ಲರೂ ಫೋಟೋ ನಗು ಹಾಕಿಕೊಳ್ಳುತ್ತಾರೆ, ಅಲ್ವಾ? ಆಗಲೇ ಬರೆದರೆ ಮೂಗು, ಹಲ್ಲು ದೊಡ್ಡದಾಗುತ್ತವೆ, ಆಸಾಮಿ ಮಾತ್ರ ಸಿಗುವುದಿಲ್ಲ. ಆ ನಗು ಒಂದು ನಿಮಿಷದ ಮೇಲೆ ನಿಲ್ಲುವುದಿಲ್ಲ. ಅದು ಇಳಿದ ಮೇಲೆ ಒಬ್ಬರಿಗೆ ಎಡಹುಬ್ಬು ತಾನಾಗಿ ಏರುತ್ತದೆ, ಇನ್ನೊಬ್ಬರು ಕೆಳತುಟಿ ಒಳಗೆಳೆದುಕೊಳ್ಳುತ್ತಾರೆ. ಒಬ್ಬ ಯಜಮಾನರಿಗೆ ಕನ್ನಡಕದ ಮೇಲಿಂದ ನೋಡಿ ನೋಡಿ ಕತ್ತೇ ಮುಂದೆ ಬಂದಿತ್ತು. ಅವರ ಮೂಗು ಮುಟ್ಟಲೇ ಇಲ್ಲ, ಕತ್ತು ಎಳೆದೆ ಅಷ್ಟೆ. ಅವರ ಹೆಂಡತಿ ದೂರದಿಂದಲೇ ಗುರುತು ಹಿಡಿದರು.

ಶುರುವಿನಲ್ಲಿ ದುಡ್ಡು ಕೈಬಿಟ್ಟಿತು. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದು ಸಲ ಪಕ್ಕದವರು ಮುಖಕ್ಕೆ 150ರಂತೆ ಸಂಜೆಯೊಳಗೆ ಹತ್ತಿರಹತ್ತಿರ 10 ಸಾವಿರ ಮಾಡಿದರು. ನನಗೆ ಬಂದದ್ದು 4 ಸಾವಿರ ಚಿಲ್ಲರೆ, ಸಾಲಿನಲ್ಲಿದ್ದವರು ಬೇಸತ್ತು ಹೊರಟುಬಿಟ್ಟರು. ಇನ್ನೊಂದು ಕಡೆ ಮುಖ ಕಮ್ಮಿಯಾಯಿತು ಅಂತ ಒಪ್ಪಿದ 8 ಸಾವಿರದಲ್ಲಿ 3 ಸಾವಿರ ಹಿಡಿದುಕೊಂಡರು.

ದಾರಿ ಸಿಕ್ಕಿದ್ದು ಎರಡನೇ ಕುರ್ಚಿಯಿಂದ. ಮುಂದಿನ ಸರದಿಯವರನ್ನು ಪಕ್ಕದಲ್ಲೇ ಕೂರಿಸುತ್ತೇನೆ. ತಮ್ಮ ಸರದಿ ಇನ್ನೂ ಬಂದಿಲ್ಲ ಅಂದುಕೊಂಡು ಅವರು ಫೋನ್ ನೋಡುತ್ತಾ, ಮಗುವಿಗೆ ಗದರುತ್ತಾ, ಹಾಯಾಗಿ ಇರುತ್ತಾರೆ. ನನ್ನ ನೋಡುವ ಕೆಲಸ ಅರ್ಧ ಅಲ್ಲೇ ಮುಗಿಯುತ್ತದೆ. ಹೀಗೆ ಒಂದು ಮುಖಕ್ಕೆ ನಾಲ್ಕು ನಿಮಿಷ ಸಾಕು. ಕುರ್ಚಿ ಎಷ್ಟು ಓರೆ ಇಡಬೇಕು, ಮುಖ ಬೇಗ ಸಡಿಲವಾಗಲು ಏನು ಕೇಳಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಬಿಎಂಟಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬರೀ ಕಿವಿ, ಕತ್ತು ಬರೆದು ಒಂದು ನೋಟ್‌ಬುಕ್ ತುಂಬಿಸಿದೆ. ವಯಸ್ಸಾದಂತೆ ಕಿವಿ ಉದ್ದವಾಗುತ್ತದೆ, ಅದೊಂದು ಸಿಕ್ಕರೆ ಅಜ್ಜಂದಿರ ಮುಖ ಅರ್ಧ ಬಂದ ಹಾಗೆ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಡುಗರಾಗಿದ್ದಾಗಿನಿಂದ ಕಾಗೆಗಳನ್ನು ನೋಡಿ ನೋಡಿ ಬರೆದವರು. ನೋಡಿದ್ದು ಯಾವತ್ತೂ ದಂಡವಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ವಾಟ್ಸಾಪ್ ಸೆಲ್ಫಿ ನೋಡಿ ಬರೆದ ಆರ್ಡರ್‌ಗಳು ಮಾತ್ರ ‘ಇದು ನಾನಲ್ಲ’ ಅಂತ ವಾಪಸ್ ಬಂದವು. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ಮೊದಲೇ ಉಬ್ಬಿರುತ್ತದೆ, ಅದನ್ನೇ ನಾವು ಇನ್ನೂ ಉಬ್ಬಿಸುತ್ತೇವೆ. ಈಗ ಯಾರೊಂದಿಗಾದರೂ ಮಾತಾಡುತ್ತಿರುವ ಚಿಕ್ಕ ವಿಡಿಯೋ ಕಳಿಸಿ ಅನ್ನುತ್ತೇನೆ.

ಈಗ ಮುಖಕ್ಕೆ 300 ತಗೊಳ್ಳುತ್ತೇನೆ, ಚೌಕಾಸಿ ಮಾಡುವವರು ಕಮ್ಮಿ. ಮೊನ್ನೆ ಮೂರು ಗಂಟೆಯ ಆರತಕ್ಷತೆಯಲ್ಲಿ 40ರ ಹತ್ತಿರ ಮುಖ ಆಯಿತು, ‘ಇನ್ನೊಂದು ಬರೆದುಕೊಡಿ’ ಅಂದವರಿಲ್ಲ, ಮುಂದಿನ ಎರಡು ಮದುವೆಗೆ ಮುಂಗಡವೂ ಅಲ್ಲೇ ಸಿಕ್ಕಿತು. ಮಕ್ಕಳು ಮಾತ್ರ ಇನ್ನೂ ಕಷ್ಟ. ಎರಡೂ ಕುರ್ಚಿಯಲ್ಲಿ ಕೂರುವುದಿಲ್ಲ. ಅವರನ್ನು ಓಡಾಡಲು ಬಿಟ್ಟು, ಓಡುವ ಭಂಗಿಯಲ್ಲೇ ಬರೆದು ನೋಡುತ್ತಿದ್ದೇನೆ.