ಬೇಸಾಯದ ಪರಿಸರ ಪರಿಣಾಮವನ್ನು ಅಳೆಯುವುದು: ನೀತಿಗೆ ಒದಗುವಂಥ ಲೆಕ್ಕ ಕಟ್ಟುವ ಬಗೆ

ಬೇಸಾಯದಿಂದ ಪರಿಸರಕ್ಕೆ ಏನಾಗುತ್ತಿದೆ ಎಂದು ಅಳೆಯಲು ಹೊರಟವರು ಸಾಮಾನ್ಯವಾಗಿ ಮೊದಲು ಉಪಕರಣಗಳ ಪಟ್ಟಿಯನ್ನೋ ಹೇಗೂ ಸಿಕ್ಕಿರುವ ಅಂಕಿಅಂಶಗಳ ಕಡತವನ್ನೋ ಕೈಗೆತ್ತಿಕೊಳ್ಳುತ್ತಾರೆ. ಮೊದಲು ಆಗಬೇಕಾದ ಕೆಲಸ ಬೇರೆ. ಈ ಲೆಕ್ಕ ಯಾವ ನಿರ್ಧಾರಕ್ಕಾಗಿ, ಆ ನಿರ್ಧಾರವನ್ನು ಕೈಗೊಳ್ಳುವವರು ಯಾರು, ಅಂಕಿ ಹೆಚ್ಚು ಬಂದರೆ ಅವರು ಏನು ಮಾಡುತ್ತಾರೆ, ಕಡಿಮೆ ಬಂದರೆ ಏನು ಮಾಡುತ್ತಾರೆ ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಿ. ಎರಡೂ ಸಂದರ್ಭಗಳಲ್ಲಿ ಅವರು ಮಾಡುವುದು ಒಂದೇ ಎಂದಾದರೆ ಅಳೆಯುವ ಖರ್ಚನ್ನೇ ಉಳಿಸಬಹುದು. ಗೊಬ್ಬರದ ಸಹಾಯಧನವನ್ನು ಬದಲಿಸಬೇಕೇ ಎಂಬ ಪ್ರಶ್ನೆಗೆ ಬೇಕಾದ ಅಳತೆ ಒಂದು. ಇಂಥ ಕೆರೆಗೆ ರಂಜಕ ಹರಿದು ಬರುತ್ತಿರುವುದು ಯಾವ ಹೊಲಗಳಿಂದ ಎಂಬ ಪ್ರಶ್ನೆಗೆ ಬೇಕಾದದ್ದು ಇನ್ನೊಂದು. ಎರಡಕ್ಕೂ ಒಂದೇ ಸಮೀಕ್ಷೆ ಸಾಕೆಂದು ಹೊರಟರೆ ಎರಡೂ ಕೆಡುತ್ತವೆ.

ಮುಂದಿನ ಹೆಜ್ಜೆ, ಪರಿಣಾಮದ ಸರಪಳಿಯನ್ನು ಬಿಡಿಸಿ ನೋಡುವುದು. ರೈತರು ಮಾಡುವ ಕೆಲಸ, ಅದರಿಂದ ಹೊಲದಾಚೆಗೆ ಸೋರಿಹೋಗುವ ವಸ್ತು, ಆ ವಸ್ತು ಸೇರುವ ನೀರು ಅಥವಾ ಗಾಳಿಯ ಸ್ಥಿತಿ, ಕೊನೆಗೆ ಜನರಿಗೂ ಜೀವಿಗಳಿಗೂ ಆಗುವ ಹಾನಿ, ಇವು ಒಂದರ ಹಿಂದೊಂದು ಬರುವ ನಾಲ್ಕು ಕೊಂಡಿಗಳು. ಕಾನೂನು, ತೆರಿಗೆ, ಸಹಾಯಧನಗಳು ಮುಟ್ಟುವುದು ಮೊದಲ ಕೊಂಡಿಯನ್ನು. ಸಮಾಜಕ್ಕೆ ಬೇಕಿರುವುದು ಕೊನೆಯ ಕೊಂಡಿಯ ಸುಧಾರಣೆ. ನಡುವಿನ ಅಂತರ ಕೆಲವೊಮ್ಮೆ ತಿಂಗಳುಗಳದ್ದು, ಕೆಲವೊಮ್ಮೆ ದಶಕಗಳದ್ದು. ಇಂದು ಮಣ್ಣಿನಿಂದ ಬಸಿದ ನೈಟ್ರೇಟ್ ಆಳದ ಅಂತರ್ಜಲದ ಮೂಲಕ ನದಿಯನ್ನು ತಲುಪುವಷ್ಟರಲ್ಲಿ ನೀತಿ ರೂಪಿಸಿದವರು ನಿವೃತ್ತರಾಗಿರಬಹುದು. ಆದ್ದರಿಂದ ಬೇಗ ಅಲುಗುವ ಒಂದು ಸೂಚಕವನ್ನೂ ನಿಧಾನವಾಗಿ ಅಲುಗುವ ಒಂದು ಸೂಚಕವನ್ನೂ ಜೋಡಿಯಾಗಿ ಇಟ್ಟುಕೊಳ್ಳಬೇಕು. ನಿಧಾನದ ಸೂಚಕ ಅಲುಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯೋಜನೆ ಸೋತಿತು ಎಂದು ಬರೆಯಬಾರದು.

ಸಾರಜನಕದ ಜಮಾ-ಖರ್ಚು

ಒಂದೇ ಒಂದು ಅಳತೆಗಷ್ಟೇ ಹಣವಿದೆ ಎಂದರೆ ನನ್ನ ಆಯ್ಕೆ ಸಾರಜನಕದ ಜಮಾ-ಖರ್ಚು. ಇದಕ್ಕೆ ಪ್ರಯೋಗಾಲಯ ಹೆಚ್ಚು ಬೇಡ, ಲೆಕ್ಕದ ಪುಸ್ತಕ ಸಾಕು. ಕುಡಿಯುವ ನೀರು, ಗಾಳಿ, ಹವಾಮಾನ ಮೂರಕ್ಕೂ ಇದು ಸೂಚನೆ ಕೊಡುತ್ತದೆ. ಒಂದು ಹೆಕ್ಟೇರ್ ಮೆಕ್ಕೆಜೋಳದ ಹೊಲಕ್ಕೆ 260 ಕಿಲೋ ಯೂರಿಯಾ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ ಇರುವುದರಿಂದ ಇದು ಸುಮಾರು 120 ಕಿಲೋ ಆಯಿತು. ಐದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಶೇ. 0.5 ಎಂದು ಹಿಡಿದರೆ 25 ಕಿಲೋ. ಮಳೆ, ಗಾಳಿ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದದ್ದು 10 ಕಿಲೋ ಎಂದಿರಲಿ. ಒಟ್ಟು ಜಮಾ 155 ಕಿಲೋ. ಕಟಾವಾದ ಕಾಳು ಆರು ಟನ್, ಅದರಲ್ಲಿ ಶೇ. 1.5 ಸಾರಜನಕ ಎಂದರೆ ಹೊಲದಿಂದ ಬೆಳೆಯ ರೂಪದಲ್ಲಿ ಹೊರಹೋದದ್ದು 90 ಕಿಲೋ. ಉಳಿದ 65 ಕಿಲೋ ಮಣ್ಣಿನಲ್ಲಿ ಕೂತಿರಬಹುದು, ನೈಟ್ರೇಟ್ ಆಗಿ ಬಸಿದಿರಬಹುದು, ಅಮೋನಿಯ ಆಗಿ ಹಾರಿರಬಹುದು. ಎಲ್ಲಿಗೆ ಹೋಯಿತೆಂದು ಈ ಲೆಕ್ಕ ಹೇಳುವುದಿಲ್ಲ, ಸೋರಿಕೆಯ ಅಪಾಯ ಎಷ್ಟೆಂದು ಮಾತ್ರ ಹೇಳುತ್ತದೆ. ವರದಿಯಲ್ಲಿಯೂ ಅಷ್ಟನ್ನೇ ಬರೆಯಿರಿ. ಕಟಾವಿನ ನಂತರ ದಂಟನ್ನು ಮೇವಿಗೆಂದು ಹೊರಗೆ ಸಾಗಿಸಿದ್ದರೆ ಅದರ ಸಾರಜನಕವನ್ನೂ ಖರ್ಚಿಗೆ ಸೇರಿಸಬೇಕು. ಲೆಕ್ಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

ನೆದರ್ಲೆಂಡ್ಸ್ ದೇಶವು 1998ರಲ್ಲಿ ಇಂಥದೇ ಜಮಾ-ಖರ್ಚನ್ನು ಕಾನೂನಾಗಿಸಿತು. ಮಿನಾಸ್ ಎಂಬ ಆ ಪದ್ಧತಿಯಲ್ಲಿ ಪ್ರತಿ ಫಾರ್ಮಿನ ಗೇಟಿನ ಒಳಗೆ ಬಂದ ಮತ್ತು ಹೊರಗೆ ಹೋದ ಸಾರಜನಕ, ರಂಜಕಗಳ ಲೆಕ್ಕವಿಟ್ಟು, ಮಿತಿ ಮೀರಿದ ಉಳಿಕೆಗೆ ದಂಡಶುಲ್ಕ ವಿಧಿಸುತ್ತಿದ್ದರು. ಆದರೆ ಐರೋಪ್ಯ ಒಕ್ಕೂಟದ 1991ರ ನೈಟ್ರೇಟ್ ನಿರ್ದೇಶನವು ಹೊಲಕ್ಕೆ ಹಾಕುವ ಗೊಬ್ಬರಕ್ಕೇ ಮಿತಿ ಕೇಳುತ್ತಿತ್ತು. ಜಾನುವಾರು ಗೊಬ್ಬರದ ಸಾರಜನಕಕ್ಕೆ ಅದರ ಮಿತಿ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ. 2003ರಲ್ಲಿ ಐರೋಪ್ಯ ನ್ಯಾಯಾಲಯವು ಮಿನಾಸ್ ಆ ನಿರ್ದೇಶನಕ್ಕೆ ಹೊಂದುವುದಿಲ್ಲ ಎಂದಿತು, 2006ರಲ್ಲಿ ಪದ್ಧತಿ ನಿಂತಿತು. ಅಳತೆ ಎಷ್ಟೇ ಸೊಗಸಾಗಿದ್ದರೂ ಕಾನೂನು ಯಾವುದನ್ನು ಎಣಿಸುತ್ತದೆ ಎಂಬುದನ್ನು ಮೊದಲೇ ಓದಿಕೊಂಡಿರಬೇಕಾಗುತ್ತದೆ.

ಗುಣಕದ ಆಯ್ಕೆ, ಛೇದದ ಆಯ್ಕೆ

ಹಸಿರುಮನೆ ಅನಿಲಗಳನ್ನು ಹೊಲದಲ್ಲಿ ನೇರವಾಗಿ ಅಳೆಯುವುದು ದುಬಾರಿಯಾದ್ದರಿಂದ ಬಹುತೇಕ ದೇಶಗಳು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಕೊಟ್ಟಿರುವ ಗುಣಕಗಳನ್ನು ಬಳಸುತ್ತವೆ. 2006ರ ಮಾರ್ಗಸೂಚಿಯ ಪ್ರಕಾರ ಮಣ್ಣಿಗೆ ಸೇರಿಸಿದ ಸಾರಜನಕದಲ್ಲಿ ಶೇ. 1ರಷ್ಟು ನೇರವಾಗಿ ನೈಟ್ರಸ್ ಆಕ್ಸೈಡ್ ಆಗಿ ಹೊರಬರುತ್ತದೆ. ಮೇಲಿನ ಹೊಲದ 145 ಕಿಲೋ ಗೊಬ್ಬರದ ಸಾರಜನಕಕ್ಕೆ ಇದನ್ನು ಅನ್ವಯಿಸಿ, 44/28ರಿಂದ ಗುಣಿಸಿ ಅನಿಲದ ತೂಕಕ್ಕೆ ತಂದು, ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಅದು ಎಷ್ಟು ಪಟ್ಟು ಬಿಸಿಯೇರಿಸುತ್ತದೆ ಎಂಬ ಸಾಮರ್ಥ್ಯದ ಅಂಕಿಯಾದ 273ರಿಂದ ಗುಣಿಸಿದರೆ ಸುಮಾರು 620 ಕಿಲೋ ಇಂಗಾಲದ ಡೈ ಆಕ್ಸೈಡ್‌ಗೆ ಸಮ ಎಂದಾಗುತ್ತದೆ. 2019ರ ಪರಿಷ್ಕರಣೆಯು ತೇವದ ಹವೆಯ ಪ್ರದೇಶದಲ್ಲಿ ರಾಸಾಯನಿಕ ಗೊಬ್ಬರಕ್ಕೆ ಶೇ. 1.6, ಇತರ ಮೂಲಗಳಿಗೆ ಶೇ. 0.6, ಒಣ ಹವೆಯಲ್ಲಿ ಎಲ್ಲಕ್ಕೂ ಶೇ. 0.5 ಎಂದು ಬಿಡಿಸಿ ಕೊಟ್ಟಿತು. ಅದೇ ಹೊಲದ ಅಂಕಿ ಈಗ ತೇವದ ಪ್ರದೇಶದಲ್ಲಿ ಸುಮಾರು 890 ಕಿಲೋ, ಒಣ ಪ್ರದೇಶದಲ್ಲಿ ಸುಮಾರು 310 ಕಿಲೋ. ರೈತರು ಮಾಡಿದ ಕೆಲಸದಲ್ಲಿ ಒಂದು ಹಿಡಿ ಗೊಬ್ಬರದ ವ್ಯತ್ಯಾಸವೂ ಇಲ್ಲ. ಯಾವ ವರ್ಷದ ಗುಣಕ ಎಂದು ಬರೆಯದ ಕೋಷ್ಟಕವನ್ನು ನಾನು ಓದದೆ ಬದಿಗಿಡುತ್ತೇನೆ. ಮಿಥೇನ್ ವಿಷಯದಲ್ಲಿ ಅವಧಿಯನ್ನೂ ಹೇಳಲೇಬೇಕು: ಜಾನುವಾರುಗಳಿಂದ ಮತ್ತು ನೀರು ನಿಂತ ಭತ್ತದ ಗದ್ದೆಗಳಿಂದ ಬರುವ ಈ ಅನಿಲದ ಸಾಮರ್ಥ್ಯ ನೂರು ವರ್ಷದ ಲೆಕ್ಕದಲ್ಲಿ 27, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80ರ ಆಸುಪಾಸು.

ಇನ್ನು ಛೇದ, ಅಂದರೆ ಪರಿಣಾಮವನ್ನು ಯಾವುದರಿಂದ ಭಾಗಿಸಿ ಹೇಳುತ್ತೇವೆ ಎಂಬುದು. ಮೇಲಿನ ಹೊಲದ ಪಕ್ಕದಲ್ಲಿ ಇನ್ನೊಂದು ಹೊಲವಿದೆ ಎನ್ನಿ: ಜಮಾ 75 ಕಿಲೋ, ಇಳುವರಿ ಎರಡೂವರೆ ಟನ್, ಉಳಿಕೆ 37.5 ಕಿಲೋ. ಹೆಕ್ಟೇರಿನ ಲೆಕ್ಕದಲ್ಲಿ ಈ ಹೊಲ ಒಳ್ಳೆಯದು. ಟನ್ನಿನ ಲೆಕ್ಕದಲ್ಲಿ ಮೊದಲನೆಯದು 10.8 ಕಿಲೋ, ಇದು 15 ಕಿಲೋ. ಎರಡೂ ಅಂಕಿಗಳು ಸರಿ. ಪ್ರಶ್ನೆ ಮಾತ್ರ ಬೇರೆ. ಕೆಳಗಿನ ಹಳ್ಳಕ್ಕೆ ಟನ್ನಿನ ಲೆಕ್ಕ ಗೊತ್ತಿಲ್ಲ, ಅದಕ್ಕೆ ತನ್ನ ಜಲಾನಯನದಿಂದ ಒಟ್ಟು ಎಷ್ಟು ಇಳಿದುಬಂತು ಎಂಬುದಷ್ಟೇ ಮುಖ್ಯ. ವಾತಾವರಣಕ್ಕೆ ಸ್ಥಳದ ಹಂಗಿಲ್ಲ. ಒಂದು ಕಡೆ ಇಳುವರಿ ಕುಸಿದು ಅದನ್ನು ತುಂಬಲು ಇನ್ನೊಂದು ಕಡೆ ಕಾಡು ಕಡಿದರೆ ಲಾಭವೆಲ್ಲ ಅಳಿಸಿಹೋಗುತ್ತದೆ. ಸ್ಥಳೀಯ ಮಾಲಿನ್ಯಕ್ಕೆ ಹೆಕ್ಟೇರ್, ಹವಾಮಾನಕ್ಕೆ ಟನ್ನು, ಆದರೆ ಎರಡನ್ನೂ ಒಂದೇ ಪುಟದಲ್ಲಿ ಮುದ್ರಿಸುವುದು ಪ್ರಾಮಾಣಿಕ ಕ್ರಮ.

ಮಣ್ಣು ಮತ್ತು ನೀರಿನ ಮಾದರಿ

ಅಂಕಿಗಳು ಎಷ್ಟು ಗಟ್ಟಿ ಎಂಬುದು ಮಣ್ಣು ತೆಗೆಯುವವರ ಕೈಯಲ್ಲಿದೆ. ಬದುವಿನ ಅಂಚು, ಮರದ ನೆರಳು, ಹಳೆಯ ತಿಪ್ಪೆ ಇದ್ದ ಜಾಗ, ದನ ಕಟ್ಟುವ ಜಾಗಗಳನ್ನು ಬಿಟ್ಟು ಹೊಲದ ಉದ್ದಕ್ಕೂ ಅಂಕುಡೊಂಕಾಗಿ ನಡೆಯುತ್ತ ಹದಿನೈದರಿಂದ ಇಪ್ಪತ್ತು ಕಡೆ ಒಂದೇ ಆಳಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆಯಬೇಕು. ಮೇಲಿನ ಕಸಕಡ್ಡಿಯನ್ನು ಸರಿಸಿ, ಆದರೆ ಮಣ್ಣನ್ನು ಕೆರೆಯಬೇಡಿ. ಎಲ್ಲವನ್ನೂ ಶುಭ್ರವಾದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹೆಂಟೆ ಒಡೆದು ಬೆರೆಸಿ, ಹಾಳೆಯ ಮೇಲೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಾದ ಎರಡು ಭಾಗಗಳನ್ನು ತೆಗೆದುಹಾಕಿ, ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಬೇಕು. ಚೀಟಿಯಲ್ಲಿ ದಿನಾಂಕ, ಆಳ, ಜಿಪಿಎಸ್ ಬಿಂದು, ತೆಗೆದವರ ಹೆಸರು ಇರಲಿ.

ಇಂಗಾಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಹೆಕ್ಟೇರಿನ ಮೇಲಿನ 30 ಸೆಂಟಿಮೀಟರ್ ಮಣ್ಣು, ಘನ ಸೆಂಟಿಮೀಟರಿಗೆ 1.3 ಗ್ರಾಂ ಸಾಂದ್ರತೆಯಲ್ಲಿ, 3,900 ಟನ್ ತೂಗುತ್ತದೆ. ಅದರಲ್ಲಿ ಶೇ. 1 ಇಂಗಾಲವಿದ್ದರೆ 39 ಟನ್. ಒಳ್ಳೆಯ ಬೇಸಾಯದಿಂದ ವರ್ಷಕ್ಕೆ 0.4 ಟನ್ ಸೇರಿತು ಎಂದರೂ ಅದು ಇದ್ದ ದಾಸ್ತಾನಿನ ನೂರರಲ್ಲಿ ಒಂದು ಪಾಲು. ಎರಡು ಬಾರಿ ಮಣ್ಣು ತೆಗೆದಾಗ ಬರುವ ವ್ಯತ್ಯಾಸವೇ ಇದಕ್ಕಿಂತ ಹೆಚ್ಚಿರುತ್ತದೆ. ವರ್ಷ ವರ್ಷವೂ ಇಂಗಾಲ ಅಳೆದು ಹಣ ಪಾವತಿಸುವ ಯೋಜನೆ ಅಳತೆಯ ಆಕಸ್ಮಿಕ ಏರಿಳಿತಕ್ಕೆ ಹಣ ಕೊಟ್ಟಂತೆ. ಐದರಿಂದ ಹತ್ತು ವರ್ಷ ಬಿಟ್ಟು, ಅದೇ ಬಿಂದುಗಳಲ್ಲಿ, ಸಾಂದ್ರತೆಯನ್ನೂ ಸೇರಿಸಿ ಮರಳಿ ಅಳೆಯಿರಿ. ಉಳುಮೆ ನಿಲ್ಲಿಸಿದ ಹೊಲದಲ್ಲಿ ಮಣ್ಣು ಬಿಗಿಯಾಗುವುದರಿಂದ ಅದೇ ಆಳದಲ್ಲಿ ಹೆಚ್ಚು ಮಣ್ಣು ಸಿಕ್ಕಿ, ಇಲ್ಲದ ಇಂಗಾಲ ಹೆಚ್ಚಿದಂತೆ ಕಾಣುತ್ತದೆ.

ನೀರಿನಲ್ಲಿ ಎರಡು ಬಲೆಗಳಿವೆ. ಒಂದು ಘಟಕದ್ದು: ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಎಂಬ ಮಿತಿಯನ್ನು ಸಾರಜನಕದ ತೂಕದಲ್ಲಿ ಹೇಳಿದರೆ 11.3 ಮಿಲಿಗ್ರಾಂ ಆಗುತ್ತದೆ. ಎರಡು ಪ್ರಯೋಗಾಲಯಗಳ ವರದಿಗಳನ್ನು ಹೊಲಿಯುವಾಗ ಇದನ್ನು ನೋಡದಿದ್ದರೆ ನದಿ ಒಂದೇ ವರ್ಷದಲ್ಲಿ ಶುದ್ಧವಾಗಿಬಿಡುತ್ತದೆ. ಇನ್ನೊಂದು ಸಮಯದ್ದು: ಮಣ್ಣಿನ ಕಣಗಳಿಗೆ ಅಂಟಿದ ರಂಜಕ ಬಹುಪಾಲು ಹರಿಯುವುದು ಕೆಲವೇ ಜೋರು ಮಳೆಗಳಲ್ಲಿ. ತಿಂಗಳಿಗೊಮ್ಮೆ ಬಿಸಿಲಿನ ದಿನ ಬಾಟಲಿ ತುಂಬಿಸಿ ತರುವ ತಂಡಕ್ಕೆ ಅದು ಸಿಗುವುದೇ ಇಲ್ಲ. ನೀರಾವರಿಯಲ್ಲಿ ನಾಲೆಯಿಂದ ತೆಗೆದ ನೀರನ್ನೂ ಆವಿಯಾಗಿ ಮರಳಿ ಬಾರದಂತೆ ಹೋದ ನೀರನ್ನೂ ಬೇರೆ ಬೇರೆ ಎಣಿಸಿ. ಹನಿ ನೀರಾವರಿಯಿಂದ ಉಳಿಯಿತೆಂಬ ನೀರು ಕೆಲವೆಡೆ ಮೊದಲು ಕೆಳಗಿನ ಬಾವಿಗಳಿಗೆ ಇಂಗುತ್ತಿದ್ದ ನೀರೇ ಆಗಿರುತ್ತದೆ.

ಕೀಟನಾಶಕ, ಜೀವವೈವಿಧ್ಯ

ಕೀಟನಾಶಕವನ್ನು ಕಿಲೋಗಳಲ್ಲಿ ಎಣಿಸುವುದು ಸುಲಭ, ಅರ್ಥ ಕಡಿಮೆ. ಹೆಕ್ಟೇರಿಗೆ ಕೆಲವೇ ಗ್ರಾಂ ಸಾಕಾಗುವ ಹೊಸ ಔಷಧಿ ಹಳೆಯದಕ್ಕಿಂತ ಜೇನುನೊಣಕ್ಕೆ ಹೆಚ್ಚು ವಿಷವಾಗಿರಬಹುದು. ಡೆನ್ಮಾರ್ಕ್ 2013ರಲ್ಲಿ ತನ್ನ ತೆರಿಗೆಯನ್ನು ಆರೋಗ್ಯ, ಪರಿಸರದಲ್ಲಿ ಉಳಿಯುವ ಗುಣ, ಇತರ ಜೀವಿಗಳಿಗೆ ವಿಷತ್ವ ಎಂಬ ಮೂರನ್ನು ಕೂಡಿಸಿದ ಹೊರೆಯ ಸೂಚಕಕ್ಕೆ ಜೋಡಿಸಿದ್ದು ಈ ಕಾರಣಕ್ಕೆ. ಜೀವವೈವಿಧ್ಯಕ್ಕೆ ಒಂದೇ ಅಂಕಿ ಹುಡುಕುವುದು ವ್ಯರ್ಥ. ನಿಗದಿತ ದಾರಿಯಲ್ಲಿ ನಿಗದಿತ ಹೊತ್ತು ನಡೆದು ಹಕ್ಕಿ, ಚಿಟ್ಟೆ, ದುಂಬಿಗಳನ್ನು ಎಣಿಸುವ ಹಳೆಯ ಕ್ರಮವೇ ಇಂದಿಗೂ ವಾಸಿ. ಐರ್ಲೆಂಡಿನ ಬರೆನ್ ಪ್ರದೇಶದಲ್ಲಿ ಹುಲ್ಲುಗಾವಲಿಗೆ 1ರಿಂದ 10ರವರೆಗೆ ಅಂಕ ಕೊಟ್ಟು, ಆ ಅಂಕಕ್ಕೆ ತಕ್ಕಂತೆ ರೈತರಿಗೆ ಹಣ ಕೊಟ್ಟ ಯೋಜನೆಯ ಗುಣವೆಂದರೆ, ಅಂಕ ಏಕೆ ಕಡಿಮೆಯಾಯಿತೆಂದು ರೈತರೇ ಗದ್ದೆಯಲ್ಲಿ ನಿಂತು ನೋಡಬಹುದಾಗಿತ್ತು.

ಯೋಜನೆಯ ಫಲ ಎಂದು ಹೇಳುವ ಮುನ್ನ

ಬದಲಾವಣೆ ಕಂಡಿತು ಎಂದರೆ ಅದು ಯೋಜನೆಯಿಂದಲೇ ಆಯಿತು ಎಂದಲ್ಲ. ಬರಗಾಲದ ವರ್ಷ ಇಳುವರಿ ಕುಸಿದು ಸಾರಜನಕದ ಉಳಿಕೆ ಏರುತ್ತದೆ, ನದಿಗೆ ಹರಿಯುವ ನೈಟ್ರೇಟ್ ಇಳಿಯುತ್ತದೆ. ಮರುವರ್ಷದ ಮಳೆಗೆ ಎರಡೂ ತಲೆಕೆಳಗಾಗುತ್ತವೆ. ಕನಿಷ್ಠ ಮೂರು ವರ್ಷದ ಸರಾಸರಿಯಿಂದ ಆರಂಭಿಸಿ, ಯೋಜನೆ ತಲುಪದ, ಆದರೆ ಮಣ್ಣು, ಮಳೆ, ಬೆಳೆಗಳಲ್ಲಿ ಹೋಲುವ ಪ್ರದೇಶವನ್ನು ಜೊತೆಗಿಟ್ಟು ಹೋಲಿಸಿ. ತಾವಾಗಿ ಯೋಜನೆಗೆ ಸೇರಿದವರು ಮೊದಲೇ ಜಾಗರೂಕರಾಗಿದ್ದ ರೈತರಾಗಿರಬಹುದು ಎಂಬುದನ್ನು ಮರೆಯಬೇಡಿ. ಅಧಿಕಾರಿಗಳ ಕೈಗೆ ಕೊಡುವ ಪುಟದಲ್ಲಿ ಒಂಟಿ ಅಂಕಿಯ ಬದಲು ಅದರ ಕೆಳ ಮತ್ತು ಮೇಲಿನ ಅಂದಾಜು ಇರಲಿ, ಆ ಕೆಳ ಅಂದಾಜೇ ನಿಜವಾದರೂ ನಿರ್ಧಾರ ಬದಲಾಗದೆ ಉಳಿಯುತ್ತದೆಯೇ ಎಂಬ ಒಂದು ವಾಕ್ಯವೂ ಇರಲಿ. ಸಭೆಯಲ್ಲಿ ಕೇಳುವುದು ಅದನ್ನೇ.

ಪರೀಕ್ಷೆಯ ನಂತರ ಉಳಿದ ಮಣ್ಣನ್ನು ಚೆಲ್ಲಬೇಡಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಆರಂಭವಾದ ಬ್ರಾಡ್‌ಬಾಕ್ ಗೋಧಿ ಪ್ರಯೋಗದ ಹಳೆಯ ಮಣ್ಣು ಮತ್ತು ಬೆಳೆಯ ಮಾದರಿಗಳು ಇಂದಿಗೂ ಬಾಟಲಿಗಳಲ್ಲಿವೆ. ಅವನ್ನು ತುಂಬಿಸಿಟ್ಟ ಕಾಲದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗಳನ್ನು ಈಗಿನವರು ಅವುಗಳಿಗೆ ಕೇಳುತ್ತಿದ್ದಾರೆ. ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು, ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಒಂದನ್ನು ಒಳಗೂ ಒಂದನ್ನು ಹೊರಗೂ ಹಾಕಿಡಿ, ಶಾಯಿ ಅಳಿಸಿಹೋಗುತ್ತದೆ.