ಕ್ರೌನ್ಸ್‌ವಿಲ್ ಮೇಳಕ್ಕೆ ಮನೆಮಂದಿಯೆಲ್ಲ ಹೊರಡುವ ಮುಂಚೆ

ಆಗಸ್ಟ್ ಬಂತೆಂದರೆ ಹೊಸದಾಗಿ ಇಲ್ಲಿಗೆ, ಅಮೆರಿಕದ ಮೇರಿಲ್ಯಾಂಡಿಗೆ, ಬಂದ ಮನೆಗಳಿಂದ ಒಂದೇ ಪ್ರಶ್ನೆ. "ಮಕ್ಕಳ ಸ್ಕೂಲಲ್ಲಿ ಎಲ್ಲರೂ ರೆನ್ ಫೇರ್ ಅಂತಾರೆ, ಏನದು? ನಾವೂ ಹೋಗಬಹುದಾ?" ಖಂಡಿತ ಹೋಗಿ. ನಾವು ಹತ್ತು ವರ್ಷಕ್ಕಿಂತ ಜಾಸ್ತಿ ಆಯ್ತು, ಒಂದು ವರ್ಷವೂ ತಪ್ಪಿಸಿಲ್ಲ.

ಪೂರ್ತಿ ಹೆಸರು ಮೇರಿಲ್ಯಾಂಡ್ ರೆನೇಸಾನ್ಸ್ ಫೆಸ್ಟಿವಲ್. 1977ರಲ್ಲಿ ಶುರುವಾಗಿದ್ದು, 1985ರಿಂದ ಅನಾಪೊಲಿಸ್ ಹತ್ತಿರದ ಕ್ರೌನ್ಸ್‌ವಿಲ್‌ನಲ್ಲಿ ನಡೆಯುತ್ತಿದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಶನಿವಾರ, ಭಾನುವಾರ ಮತ್ತು ಲೇಬರ್ ಡೇ ಸೋಮವಾರ (ಸೆಪ್ಟೆಂಬರಿನ ಮೊದಲ ಸೋಮವಾರ), ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ. ಮರಗಳ ನಡುವೆ ಹದಿನಾರನೇ ಶತಮಾನದ ಒಂದು ಇಂಗ್ಲಿಷ್ ಹಳ್ಳಿಯನ್ನೇ ಕಟ್ಟಿದ್ದಾರೆ. ಅದರ ಹೆಸರು ರೆವೆಲ್ ಗ್ರೋವ್. ಅಲ್ಲಿಯ ರಾಜ ಇಂಗ್ಲೆಂಡಿನ ಎಂಟನೇ ಹೆನ್ರಿ, ಒಬ್ಬ ನಟ ಆ ವೇಷ ಹಾಕಿರುತ್ತಾರೆ. ಇಂಥ ಮೇಳಗಳು ಅಮೆರಿಕದ ತುಂಬ ಇವೆ. ಮೊದಲನೆಯದನ್ನು 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಾಲಾ ಶಿಕ್ಷಕಿ ಮತ್ತು ಅವರ ಪತಿ ರಾನ್ ನಡೆಸಿದರು.

ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಹವೆ ಚೆನ್ನಾಗಿರುವ ಅಕ್ಟೋಬರ್ ಶನಿವಾರಗಳ ಟಿಕೆಟ್ ಬೇಗ ಮುಗಿದುಹೋಗುತ್ತದೆ. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಒಂದು ಸಲ ನಾವು ಊಟ ಮುಗಿಸಿಕೊಂಡು ನಿಧಾನವಾಗಿ ಹೊರಟೆವು. ಕಾರಿನ ಸಾಲಿನಲ್ಲೇ ಅರ್ಧ ಮಧ್ಯಾಹ್ನ ಕಳೆಯಿತು. ಅತ್ತೆ ಮಾವ ಊರಿಂದ ಬಂದಿದ್ದರು, ಅವರಿಗೆ ಜೌಸ್ಟಿಂಗ್, ಅಂದರೆ ಕುದುರೆ ಮೇಲಿನ ಈಟಿ ಕಾಳಗ, ತೋರಿಸಲು ಆಗಲೇ ಇಲ್ಲ. ಆ ಬೇಜಾರು ಈಗಲೂ ಇದೆ. ಪಾರ್ಕಿಂಗ್ ಹುಲ್ಲಿನ ಬಯಲಲ್ಲಿ. ಇಳಿದ ತಕ್ಷಣ ಕಾರು ನಿಂತ ಜಾಗದ ಒಂದು ಫೋಟೋ ತೆಗೆದುಕೊಳ್ಳಿ. ಜನ ಜಾಸ್ತಿಯಾದಾಗ ಫೋನ್ ಸಿಗ್ನಲ್ ಕೈಕೊಡುತ್ತದೆ. ಹಾಗಾಗಿ ಕಳೆದುಹೋದರೆ ಎಲ್ಲಿ ಸೇರಬೇಕು ಅಂತ ಒಳಗೆ ಹೋದ ಕೂಡಲೇ ಮಕ್ಕಳಿಗೆ ಒಂದು ಜಾಗ ತೋರಿಸಿಡಿ.

ಇನ್ನು ಬಟ್ಟೆ. ಎಲ್ಲರೂ ಇದನ್ನೇ ಕೇಳುವುದು. ಜೀನ್ಸ್ ಹಾಕಿಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ, ಅರ್ಧಕ್ಕರ್ಧ ಜನ ಹಾಗೇ ಬಂದಿರುತ್ತಾರೆ. ಆ ಕಾಲದ ವೇಷ ಬೇಕಾದರೆ ಬಾಡಿಗೆಗೂ ಅಲ್ಲೇ ಸಿಗುತ್ತದೆ. ಆದರೆ ನಾನು ಹೇಳುವುದು ಬೇರೆ: ಇಂಗ್ಲಿಷರ ಗೌನಿಗೆ ದುಡ್ಡು ಕೊಡುವ ಮುಂಚೆ ನಿಮ್ಮ ಬೀರು ಒಮ್ಮೆ ತೆಗೆದು ನೋಡಿ. ಎಂಟನೇ ಹೆನ್ರಿ ಪಟ್ಟಕ್ಕೆ ಬಂದದ್ದು 1509ರಲ್ಲಿ. ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509ರಲ್ಲೇ! ಇಬ್ಬರೂ ಒಂದೇ ಕಾಲದವರು. ಆ ಕಾಲದಲ್ಲಿ ಯುರೋಪಿನ ಜನ ನಮ್ಮ ಕಡೆಗೂ ಬರುತ್ತಿದ್ದರು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದು, ಮಹಾನವಮಿಯ ಕುಸ್ತಿ, ಆನೆ, ಕುದುರೆಗಳನ್ನೆಲ್ಲ ನೋಡಿ ಬರೆದಿಟ್ಟ.

ಹಾಗಾಗಿ ಕಚ್ಚೆಪಂಚೆ, ಶಲ್ಯ, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ ಯಾವುದೂ ಅಲ್ಲಿ ಹೊರಗಿನದು ಅನ್ನಿಸಬೇಕಾಗಿಲ್ಲ. ಕೃಷ್ಣದೇವರಾಯ ಹೇಗೆ ಉಡುತ್ತಿದ್ದ ಅಂತ ಮಕ್ಕಳು ಕೇಳಿದರೆ, ತಿರುಮಲೆ ದೇವಸ್ಥಾನದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರುವ ಅವನ ವಿಗ್ರಹದ ಚಿತ್ರ ತೋರಿಸಿ. ಆ ಎತ್ತರದ ಟೊಪ್ಪಿಗೆಯನ್ನು ದಪ್ಪ ಕಾಗದ ಮತ್ತು ಹಳೆಯ ರೇಷ್ಮೆ ಬಟ್ಟೆಯಲ್ಲಿ ಒಂದು ಸಂಜೆಯಲ್ಲಿ ಮಾಡಬಹುದು. ನಮ್ಮ ಮಗಳು ಎಂಟು ವರ್ಷದವಳಿದ್ದಾಗ ಹೀಗೇ ಹೋಗಿದ್ದೆವು. ಕಾವಲುಗಾರನ ವೇಷದವರೊಬ್ಬರು ಬಗ್ಗಿ, "ಯಾವ ದೇಶದಿಂದ ಬಂದಿರಿ, ಅಮ್ಮಣ್ಣಿ?" ಎಂಬಂತೆ ಅವರ ಹಳೇ ಇಂಗ್ಲಿಷಿನಲ್ಲಿ ಕೇಳಿದರು. ಅವಳು "ವಿಜಯನಗರ" ಅಂದಳು. ಅವರು ಅಲ್ಲೇ ಮಂಡಿಯೂರಿ ಕೂತು, ನಿಮ್ಮ ರಾಜ ಯಾರು, ಊರು ಎಷ್ಟು ದೊಡ್ಡದು ಎಂದೆಲ್ಲ ಕೇಳಿದರು. ಸ್ಕೂಲಲ್ಲಿ ತನ್ನ ಹೆಸರು ಹೇಳುವುದಕ್ಕೂ ಹಿಂಜರಿಯುತ್ತಿದ್ದ ಹುಡುಗಿ ಹತ್ತು ನಿಮಿಷ ಮಾತಾಡಿದಳು.

ಮಾತಿಗೆ ಹೆದರಬೇಡಿ. "ಗುಡ್ ಮಾರೋ" ಅಂದರೆ ನಮಸ್ಕಾರ, "ಹಜ್ಜಾ" ಅಂದರೆ ಜೈಕಾರ, "ಪ್ರಿವಿ" ಅಂದರೆ ಟಾಯ್ಲೆಟ್. ಇಷ್ಟು ಸಾಕು. ವೇದಿಕೆಯ ಆಟಗಳಲ್ಲಿ ಕಲಾವಿದರು ನಿಮ್ಮನ್ನು ಮೇಲಕ್ಕೆ ಕರೆದರೆ, ಇಷ್ಟ ಇಲ್ಲದಿದ್ದರೆ ನಗುತ್ತಾ ತಲೆಯಾಡಿಸಿ, ಅವರು ಒತ್ತಾಯ ಮಾಡುವುದಿಲ್ಲ. ಕೆಲವು ಆಟಗಳಲ್ಲಿ ದೊಡ್ಡವರ ಜೋಕುಗಳಿರುತ್ತವೆ. ಮಕ್ಕಳಿದ್ದರೆ ದಿನದ ಪಟ್ಟಿ ನೋಡಿಕೊಂಡು ಕೂರಿ.

ಜೌಸ್ಟಿಂಗ್ ಮಾತ್ರ ತಪ್ಪಿಸಬೇಡಿ. ಕಬ್ಬಿಣದ ಕವಚ ತೊಟ್ಟು, ಕುದುರೆ ಓಡಿಸಿಕೊಂಡು ಬಂದು ಈಟಿಯಿಂದ ಎದುರಾಳಿಗೆ ಹೊಡೆಯುವ ಆಟ. ಇದಕ್ಕೂ ಈ ರಾಜ್ಯಕ್ಕೂ ಹಳೆಯ ನಂಟು. 1962ರಿಂದ ಜೌಸ್ಟಿಂಗ್ ಮೇರಿಲ್ಯಾಂಡಿನ ಅಧಿಕೃತ ಕ್ರೀಡೆ. ಆದರೆ ರಾಜ್ಯದ ಸ್ಪರ್ಧೆಗಳಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಓಡುವ ಕುದುರೆಯ ಮೇಲಿಂದ ಈಟಿಯ ತುದಿಗೆ ಸಣ್ಣ ಉಂಗುರ ಸಿಕ್ಕಿಸುತ್ತಾರೆ. ನಿಜವಾದ ಹೆನ್ರಿ 1536ರಲ್ಲಿ ಜೌಸ್ಟಿಂಗ್ ಆಡುವಾಗ ಕುದುರೆಯಿಂದ ಬಿದ್ದು ತೀವ್ರ ಪೆಟ್ಟು ತಿಂದಿದ್ದ. ಇದನ್ನು ಮುಂಚೆಯೇ ಹೇಳಿದರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಒಳ್ಳೆ ಜಾಗ ಬೇಕಾದರೆ ಅರ್ಧ ಗಂಟೆ ಮುಂಚೆ ಹೋಗಿ ಕೂರಿ. ಬೆಂಚುಗಳಿಗೆ ಒರಗುವುದಕ್ಕೆ ಏನೂ ಇರುವುದಿಲ್ಲ, ಬಿಸಿಲೂ ಬೀಳುತ್ತದೆ. ಅಪ್ಪ ಅಮ್ಮ ಜೊತೆಗಿದ್ದರೆ ಟೋಪಿ, ಒಂದು ಸಣ್ಣ ದಿಂಬು ಇರಲಿ.

ಊಟದ ವಿಷಯ. ಎಲ್ಲರ ಕೈಯಲ್ಲೂ ದೊಡ್ಡ ಟರ್ಕಿ ಕಾಲು ಕಾಣುತ್ತದೆ. ಸಸ್ಯಾಹಾರಿಗಳು ಚೀಸ್, ಫ್ರೆಂಚ್ ಫ್ರೈಸ್‌ನಲ್ಲಿ ಸುಧಾರಿಸಿಕೊಳ್ಳಬೇಕು. ಮೊಟ್ಟೆ ತಿನ್ನುವವರು ಒಂದು ನೆನಪಿಡಿ: ಸ್ಕಾಚ್ ಎಗ್ ಅಂದರೆ ಮೊಟ್ಟೆಯ ಸುತ್ತ ಮಾಂಸ ಮೆತ್ತಿ ಕರಿದದ್ದು. ಸೂಪು ಮಾಂಸದ ರಸದಲ್ಲಿ ಮಾಡಿದ್ದಾ ಅಂತ ಕೇಳಿಯೇ ತಗೊಳ್ಳಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಚಿತ್ರಾನ್ನ ಕಲಸಿಕೊಂಡು ಹೋಗಿ, ಪಾರ್ಕಿಂಗ್ ಬಯಲಲ್ಲಿ ಕೂತು ತಿಂದು, ಆಮೇಲೆ ಒಳಗೆ ಹೋಗುತ್ತೇವೆ. ಮೀಡ್ ಎಂದು ಮಾರುವುದು ಜೇನಿನಿಂದ ಮಾಡಿದ ಮದ್ಯ. ಹೆಸರು ನೋಡಿ ಮಕ್ಕಳಿಗೆ ಜೇನಿನ ಪಾನಕ ಅಂದುಕೊಳ್ಳಬೇಡಿ.

ಒಂದು ಮಾತನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಟಿಕೆಟ್ ದುಡ್ಡಲ್ಲೇ ಎಲ್ಲ ಆಟ ನೋಡಬಹುದು. ಆದರೆ ಕೊನೆಗೆ ಕಲಾವಿದರು ಟೋಪಿ ಹಿಡಿಯುತ್ತಾರೆ. ಅವರ ಸಂಪಾದನೆಯ ದೊಡ್ಡ ಪಾಲು ಆ ಟೋಪಿಗೆ ಬೀಳುವ ದುಡ್ಡೇ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಮಧ್ಯದಲ್ಲೇ ಎದ್ದು ಹೋಗಿಬಿಡುತ್ತಾರೆ. ಯಕ್ಷಗಾನ, ಬಯಲಾಟ ನೋಡಿ ಬೆಳೆದವರು ನಾವು, ಕಲಾವಿದರ ಕಷ್ಟ ನಮಗೆ ಗೊತ್ತು ಅಲ್ವಾ. ಒಂದು, ಐದು ಡಾಲರಿನ ನೋಟು ಬೇರೆಯಾಗಿ ಇಟ್ಟುಕೊಂಡು ಹೋಗಿ. ಮಕ್ಕಳ ಕೈಯಲ್ಲೇ ಹಾಕಿಸಿ.

ಅಂಗಡಿಗಳಲ್ಲಿ ಬೆಲೆ ಜಾಸ್ತಿ, ಕೈಕೆಲಸ ಅಲ್ವಾ. ಮಕ್ಕಳಿಗೆ ಒಂದೇ ಸಾಮಾನು ಅಂತ ಮನೆಯಲ್ಲೇ ಮಾತು ಮಾಡಿಕೊಂಡು ಹೋಗಿ. ಮರದ ಕತ್ತಿ ತಗೊಂಡರೆ ಅದನ್ನು ಜನರ ಮಧ್ಯೆ ಬೀಸಬಾರದು ಅಂತ ಅಂಗಡಿಯ ಮುಂದೆಯೇ ಹೇಳಿಬಿಡಿ. ನೆಲ ಏರುತಗ್ಗು, ಮಳೆ ಬಂದರೆ ಕೆಸರು, ಸ್ಟ್ರೋಲರ್ ತಳ್ಳುವುದು ಕಷ್ಟ. ಆಗಸ್ಟ್ ಕೊನೆಯಲ್ಲಿ ಧಗೆ ವಿಪರೀತ, ವಯಸ್ಸಾದವರಿದ್ದರೆ ಸೆಪ್ಟೆಂಬರ್ ಕಡೆಯ ವಾರದ ನಂತರ ಹೋಗಿ. ಕನ್ನಡ ಕೂಟದ ಗಣೇಶ, ದಸರಾ ಕಾರ್ಯಕ್ರಮಗಳೂ ಅದೇ ವಾರಾಂತ್ಯಗಳಲ್ಲಿ ಬರುತ್ತವೆ. ಟಿಕೆಟ್ ತಗೊಳ್ಳುವ ಮುಂಚೆ ಕ್ಯಾಲೆಂಡರ್ ನೋಡಿ. ಅಕ್ಟೋಬರಿನಲ್ಲಿ ಬಿಸಿಲು ಇಳಿದ ಕೂಡಲೇ ಚಳಿ ಶುರು, ಸ್ವೆಟರುಗಳು ಕಾರಿನಲ್ಲಿರಲಿ.