ನಮಗೆ ದಸರಾ ರಜೆ, ಅವರಿಗೆ ಸ್ಕೂಲು: ಹಾಸನದಿಂದ ಕೊಚ್ಚಿ ವಂಡರ್‌ಲಾಗೆ

"ಬಿಡದಿಯಲ್ಲೇ ವಂಡರ್‌ಲಾ ಇದೆಯಲ್ಲ, ಅಷ್ಟು ದೂರ ಯಾಕೆ?" ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾಗೆ ಅಂತ ಕೇರಳದ ಕೊಚ್ಚಿಗೆ ಹೊರಟಾಗ ಹಾಸನದಲ್ಲಿ ನೆಂಟರೆಲ್ಲ ಕೇಳಿದ್ದು ಇದನ್ನೇ. ದಸರಾ ರಜೆಯಲ್ಲಿ ಬಿಡದಿಗೆ ಅರ್ಧ ಕರ್ನಾಟಕವೇ ಬಂದಿರುತ್ತದೆ, ಅಲ್ವಾ? ಕೇರಳದಲ್ಲಿ ಹಾಗಲ್ಲ. ಅಲ್ಲಿ ದೊಡ್ಡ ರಜೆ ಓಣಂಗೆ, ಆಮೇಲೆ ಕ್ರಿಸ್‌ಮಸ್‌ಗೆ. ಆಯುಧಪೂಜೆ, ವಿಜಯದಶಮಿ ಮುಗಿದರೆ ಅವರ ಮಕ್ಕಳು ಸ್ಕೂಲಿಗೆ, ನಮ್ಮವು ಇನ್ನೂ ಮನೆಯಲ್ಲಿ. ಆ ವಾರದ ಬುಧವಾರವೇ ನನಗೆ ಬೇಕಿತ್ತು. ಅಷ್ಟಕ್ಕೂ ಕಂಪನಿಯ ಮೊದಲ ಪಾರ್ಕ್ ಕೊಚ್ಚಿಯದ್ದೇ. 2000ರಲ್ಲಿ ವೀಗಾಲ್ಯಾಂಡ್ ಹೆಸರಲ್ಲಿ ಶುರುವಾಯಿತು. ಬಿಡದಿಯದು ಬಂದಿದ್ದು 2005ರಲ್ಲಿ.

ಭಾವನಿಗೆ ಕಾರಲ್ಲೇ ಹೋಗುವ ಆಸೆ. ನಾನು ಒಪ್ಪಲಿಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಅದನ್ನು ದಾಟಿದರೆ ವಯನಾಡಿನ ತಾಮರಶ್ಶೇರಿ ಘಾಟಿ, 9 ಹೇರ್‌ಪಿನ್ ತಿರುವು. ಹಿಂದಿನ ಸೀಟಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಒರೆಸುವವಳು ನಾನೇ ತಾನೆ? ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಹಾಸನದ ಮೇಲೇ ಹೋಗುತ್ತದೆ. ಅದರಲ್ಲಿ ಮಲಗಿಕೊಂಡು ಹೋದೆವು. ಸಕಲೇಶಪುರ ಘಾಟಿಯ 57 ಸುರಂಗ ಕತ್ತಲಲ್ಲೇ ಕಳೆದುಹೋಯಿತು, ಅದೊಂದು ಬೇಜಾರು. ಕಣ್ಣೂರಿನಲ್ಲಿ ರೈಲು ಬದಲಿಸಿ ಆಲುವಾದಲ್ಲಿ ಇಳಿದೆವು. ಆ ದಿನ ರೂಮಲ್ಲಿ ನಿದ್ದೆ ಅಷ್ಟೇ. ಪ್ರಯಾಣದ ದಿನವೇ ಪಾರ್ಕಿಗೆ ನುಗ್ಗಬೇಡಿ.

ಬಟ್ಟೆ ವಿಷಯ ಅತ್ತೆಗೆ ಮೊದಲೇ ಹೇಳಿದ್ದೆ. ಸೀರೆ, ಚೂಡಿದಾರ್ ಹಾಕಿಕೊಂಡು ನೀರಿಗಿಳಿಯಲು ಬಿಡುವುದಿಲ್ಲ. ಹತ್ತಿಯ ಎಳೆ ಬಿಟ್ಟುಕೊಂಡು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತದೆ, ನೈಲಾನ್ ಬಟ್ಟೆಯೇ ಬೇಕು. ಊರಲ್ಲೇ ತೆಗೆದುಕೊಂಡರೆ ಅಗ್ಗ. ಮಕ್ಕಳ ಎತ್ತರವನ್ನೂ ಮನೆಯ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ ಅಳೆದಿದ್ದೆ. ಎತ್ತರ ಸಾಲದೆ ಯಾವ ರೈಡಿಗೆ ಬಿಡುವುದಿಲ್ಲ ಅಂತ ಊರಲ್ಲೇ ಗೊತ್ತಾದರೆ ಅಲ್ಲಿ ಅಳು ಕಡಿಮೆ.

ಅಕ್ಟೋಬರ್‌ನಲ್ಲಿ ಕೇರಳಕ್ಕೆ ಹಿಂಗಾರು. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಮಿಂಚು ಶುರುವಾದರೆ ರೈಡ್ ನಿಲ್ಲಿಸುತ್ತಾರೆ, ನೀರಿಂದಲೂ ಎಬ್ಬಿಸುತ್ತಾರೆ. ಹಾಗಾಗಿ ಗೇಟ್ ತೆರೆದ ಕೂಡಲೇ ಹತ್ತಿರದ ರೈಡುಗಳನ್ನು ಬಿಟ್ಟು ಸೀದಾ ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್‌ಗೆ ನಡೆದೆವು. ಜನ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬಿದ್ದದ್ದಕ್ಕೇ ಸಾಲು ನಿಲ್ಲುತ್ತಾರೆ.

ರಿಕಾಯಿಲ್‌ನಲ್ಲಿ ಗಾಡಿಯನ್ನು ಮೊದಲು ಹಿಂದಕ್ಕೆ, ಮೇಲಕ್ಕೆ ಎಳೆಯುತ್ತದೆ. ಮುಖ ನೆಲದ ಕಡೆ. ಭುಜದ ಮೇಲಿನ ಕಂಬಿಗೆ ಎದೆ ಒತ್ತುತ್ತದೆ. ಟಕ್ ಅಂತ ಕೊಂಡಿ ಬಿಟ್ಟರೆ ಮುಗೀತು, ಬರೀ ಇಳಿಜಾರಿನ ವೇಗ. ಮೂರು ಸಲ ತಲೆಕೆಳಗಾಗಿ ಆಚೆಯ ಏರು ಸೇರುತ್ತದೆ, ಅಲ್ಲಿ ಸರಪಳಿ ಮತ್ತೆ ಮೇಲಕ್ಕೆಳೆದು ಬಿಡುತ್ತದೆ. ಅಲ್ಲಿಂದ ಅದೇ ಹಳಿಯಲ್ಲಿ ಹಿಮ್ಮುಖವಾಗಿ ಮತ್ತೆ ಮೂರು ಸಲ. ಮುಂದೇನು ಬರುತ್ತದೆ ಅಂತ ಕಾಣುವುದೇ ಇಲ್ಲ, ಜೀವ ಬಾಯಿಗೆ ಬರುವುದು ಆಗಲೇ. ಕಾರಲ್ಲಿ ಹೋಗೋಣ ಅಂದಿದ್ದ ಭಾವ ಇಳಿದ ಮೇಲೆ ಸ್ವಲ್ಪ ಹೊತ್ತು ಕಂಬ ಹಿಡಿದುಕೊಂಡೇ ನಿಂತಿದ್ದರು. ಸಾಲೇ ಇರಲಿಲ್ಲವಾದ್ದರಿಂದ ಮಗಳು ಮತ್ತೆ ಹತ್ತಿದಳು.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಅಕ್ಕ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಪುಡಿ ರೈಲಲ್ಲೇ ಖಾಲಿಯಾಗಿತ್ತು. ಊಟ ಆದಮೇಲೆ ಅಲೆಗಳ ಕೊಳದಲ್ಲಿ ಬಿದ್ದುಕೊಂಡಿದ್ದೆವು. ಮೂರು ಗಂಟೆ ಹೊತ್ತಿಗೆ ಗುಡುಗಿತು, ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಕರೆದರು. ತಡವಾಗಿ ಬಂದವರ ಮುಖ ನೋಡಬೇಕಿತ್ತು.

ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆದುಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ಇಂಥ ಬುಧವಾರಕ್ಕೆ ಅದು ಸುಮ್ನೆ ದಂಡ. ಆ ದುಡ್ಡನ್ನು ರೈಲಿನ ಎಸಿ ಬೋಗಿಗೆ ಹಾಕಿ.